ಹಾಡಿ, ಪೋಡು, ಕೊಪ್ಪಗಳ ಕರ್ನಾಟಕ

ನವೆಂಬರ್ ಬಂತೆಂದರೆ ಈ ಮರಳುನಾಡಿನಲ್ಲಿ ನಮಗೆ ಎರಡು ಸಂತೋಷ. ಬಿಸಿಲಿನ ಕಾವು ಇಳಿದು ಸಂಜೆ ಹೊತ್ತು ಹೊರಗೆ ಕಾಲಿಡುವಂತಾಗುತ್ತದೆ. ಜೊತೆಗೆ ದುಬೈ, ಶಾರ್ಜಾ, ಅಬುಧಾಬಿಗಳ ಸಭಾಂಗಣಗಳಲ್ಲಿ ಹಳದಿ-ಕೆಂಪು ಬಾವುಟ ಕಾಣತೊಡಗುತ್ತದೆ. ಭುವನೇಶ್ವರಿಯ ಚಿತ್ರಕ್ಕೆ ಹಾರ, ಡೊಳ್ಳು, ಯಕ್ಷಗಾನದ ಒಂದು ತುಣುಕು, ಮಕ್ಕಳ ಛದ್ಮವೇಷದಲ್ಲಿ ಪುಲಿಕೇಶಿ, ಕಿತ್ತೂರು ಚೆನ್ನಮ್ಮ, ಬಸವಣ್ಣ, ಅಕ್ಕಮಹಾದೇವಿ. ಭಾಷಣಕಾರರು ಕದಂಬರಿಂದ ಹೊರಟು ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳನ್ನು ದಾಟಿ ಏಕೀಕರಣಕ್ಕೆ ಬಂದು ನಿಲ್ಲುತ್ತಾರೆ. ಇದೆಲ್ಲ ಬೇಕಾದದ್ದೇ. ಊರು ಬಿಟ್ಟು ಬಂದವರಿಗೆ ಊರಿನ ಹೆಮ್ಮೆ ತುಸು ಜಾಸ್ತಿಯೇ ಇರುತ್ತದೆ, ಅಲ್ಲವೇ?

ಆದರೆ ಈ ಮೆರವಣಿಗೆಯಲ್ಲಿ ಅರಸರಿದ್ದಾರೆ, ಕವಿಗಳಿದ್ದಾರೆ, ಶರಣರು, ದಾಸರು, ವೀರವನಿತೆಯರು ಇದ್ದಾರೆ. ಜೇನುಕುರುಬರಿಲ್ಲ. ಸೋಲಿಗರಿಲ್ಲ. ಕೊರಗರಿಲ್ಲ. ಇದ್ದರೂ ಸೊಪ್ಪು ಸುತ್ತಿಕೊಂಡು ಕುಣಿಯುವ ಐದು ನಿಮಿಷದ ನೃತ್ಯವಾಗಿ ಮಾತ್ರ. ಅವರಿಗೂ ಒಂದು ಚರಿತ್ರೆ ಇದೆ, ಆ ಚರಿತ್ರೆಯಲ್ಲಿ ಇಸವಿಗಳೂ ಕಾನೂನುಗಳೂ ಕೋರ್ಟು ಕಚೇರಿಗಳೂ ಇವೆ ಎಂಬುದು ನಮ್ಮ ಮಕ್ಕಳ ಕಿವಿಗೆ ಬೀಳುವುದು ಅಪರೂಪ. ಈ ಸಂಚಿಕೆಯಲ್ಲಿ ಆ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮ ಮುಂದಿಡೋಣ ಎಂದುಕೊಂಡಿದ್ದೇವೆ.

ಮೊದಲು ನಾವು ಅನ್ನ ಉಣ್ಣುತ್ತಿರುವ ಈ ನಾಡನ್ನೇ ನೋಡೋಣ. ನಮ್ಮ ರಾಜ್ಯೋತ್ಸವದ ಸಡಗರ ಮುಗಿಯುವ ಹೊತ್ತಿಗೆ ಇಲ್ಲಿ ಡಿಸೆಂಬರ್ 2ರ ರಾಷ್ಟ್ರೀಯ ದಿನದ ಸಿದ್ಧತೆ ನಡೆದಿರುತ್ತದೆ. 1971ರ ಆ ದಿನ ಎಮಿರೇಟುಗಳು ಒಂದಾದವು. ಈ ಹಬ್ಬದಲ್ಲಿ ಪ್ರದರ್ಶನಕ್ಕೆ ಬರುವ ವಸ್ತುಗಳನ್ನು ಗಮನಿಸಿದ್ದೀರಾ? ಬೆದು ಜನರ ಕರಿಯ ಉಣ್ಣೆಯ ಡೇರೆ, ಖರ್ಜೂರದ ಗರಿಯಿಂದ ಹೆಣೆದ ಗುಡಿಸಲು ಮತ್ತು ಬುಟ್ಟಿ, ಮುತ್ತು ತೆಗೆಯುವವರ ಮೂಗಿನ ಕ್ಲಿಪ್ಪು, ಒಂಟೆಗೆ ಹಾಕುವ ನೇಯ್ದ ಪಟ್ಟಿ. ಎಲ್ಲವೂ ಬಡವರ ವಸ್ತುಗಳು! 1930ರ ದಶಕದಲ್ಲಿ ಜಪಾನಿನ ಕೃತಕ ಮುತ್ತು ಬಂದು ಇಲ್ಲಿನ ಮುತ್ತಿನ ವ್ಯಾಪಾರ ನೆಲಕಚ್ಚಿತು. 1962ರಲ್ಲಿ ಅಬುಧಾಬಿಯಿಂದ ಎಣ್ಣೆಯ ರಫ್ತು ಶುರುವಾಯಿತು. ಒಂದೇ ತಲೆಮಾರಿನಲ್ಲಿ ಹಳೆಯ ಬದುಕು ಮಾಯವಾದಾಗ, ಅದನ್ನು ಉಳಿಸಿಕೊಳ್ಳಬೇಕೆಂಬ ತವಕ ಇವರಿಗೆ ಬಂತು. ಹೆಂಗಸರು ಕೈಯಲ್ಲಿ ನೇಯುವ ‘ಸದು’ ಕಲೆಯನ್ನು 2011ರಲ್ಲಿ ಯುನೆಸ್ಕೊ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಡೇರೆಯಲ್ಲಿದ್ದವರ ಬದುಕೇ ನಾಡಿನ ಬೇರು ಎಂದು ಈ ದೇಶ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತದೆ.

ಇನ್ನು ಅಮೆರಿಕ. ಅಲ್ಲಿ ನವೆಂಬರ್ ತಿಂಗಳು ಮೂಲನಿವಾಸಿಗಳ ಪರಂಪರೆಯ ತಿಂಗಳು; 1990ರಿಂದ ಇದು ನಡೆದಿದೆ. ಅದೇ ವರ್ಷ ದಕ್ಷಿಣ ಡಕೋಟಾ ರಾಜ್ಯ ಕೊಲಂಬಸ್ ದಿನದ ಹೆಸರು ಬದಲಿಸಿ ಅದನ್ನು ಮೂಲ ಅಮೆರಿಕನ್ನರ ದಿನವೆಂದು ಕರೆಯಿತು. ಅದೇ ರಾಜ್ಯದ ವೂಂಡೆಡ್ ನೀ ಎಂಬಲ್ಲಿ ಸೈನಿಕರು ನೂರಾರು ಲಕೋಟಾ ಜನರನ್ನು ಕೊಂದು ಆಗ ಸರಿಯಾಗಿ ನೂರು ವರ್ಷವಾಗಿತ್ತು. ಆ ದೇಶದ 50 ರಾಜ್ಯಗಳಲ್ಲಿ ಸುಮಾರು ಅರ್ಧದಷ್ಟರ ಹೆಸರು ಮೂಲನಿವಾಸಿಗಳ ಭಾಷೆಗಳಿಂದ ಬಂದವು. ಒಕ್ಲಹೋಮ ಎಂದರೆ ಚಾಕ್ಟಾ ಭಾಷೆಯಲ್ಲಿ ‘ಕೆಂಪು ಜನ’. ಹೆಸರು ಉಳಿಯಿತು, ಜನರನ್ನು ಮಾತ್ರ 1830ರ ಕಾಯ್ದೆಯ ಬಲದಿಂದ ಪೂರ್ವದ ನೆಲದಿಂದ ಕಿತ್ತು ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಲಾಯಿತು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ತಲೆಮಾರುಗಳಿಂದ ಓಡಾಡಿಕೊಂಡಿದ್ದವರಿಗೆ ಜಾಗವಿಲ್ಲದಾಯಿತು. ಕಾಡನ್ನು ಕಾಯಬೇಕೆಂದರೆ ಅಲ್ಲಿ ಮನುಷ್ಯರಿರಬಾರದು ಎಂಬ ವಿಚಾರ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಸರಿಯಾಗಿ ನೂರು ವರ್ಷದ ನಂತರ, 1972ರಲ್ಲಿ, ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ವಿಚಾರ ನಮ್ಮ ಕಾಡಿಗೂ ಬಂದು ತಲುಪಿತು.

ಈಗ ನಮ್ಮ ನಾಡಿಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾದವು, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ 42 ಲಕ್ಷಕ್ಕೂ ಹೆಚ್ಚು, ಅಂದರೆ ಜನಸಂಖ್ಯೆಯ ಶೇಕಡಾ 7ರಷ್ಟು. ಅದರಲ್ಲಿ ದೊಡ್ಡ ಪಾಲು ನಾಯಕ ಸಮುದಾಯದ್ದು. ಕಾಡನ್ನೇ ನಂಬಿದ ಸಣ್ಣ ಪಂಗಡಗಳ ಸಂಖ್ಯೆ ಕೆಲವು ಸಾವಿರಗಳಲ್ಲಿದೆ. ಕೇಂದ್ರ ಸರ್ಕಾರ ಅತ್ಯಂತ ದುರ್ಬಲವೆಂದು ಗುರುತಿಸಿದ ಪಂಗಡಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇರುವುದು ಎರಡು: ಜೇನುಕುರುಬರು ಮತ್ತು ಕೊರಗರು.

ಜೇನುಕುರುಬರ ಊರಿಗೆ ‘ಹಾಡಿ’ ಎಂದು ಹೆಸರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು, ಕೊಡಗಿನ ಅಂಚು ಇವರ ನೆಲೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೆ, ಅಥವಾ ಸಿ.ಆರ್. ಸಿಂಹ ನಿರ್ದೇಶಿಸಿದ 1977ರ ಸಿನಿಮಾ ನೋಡಿದವರಿಗೆ, ಆ ಸೀಮೆಯ ಕಾಡು ಕುರುಬರ ಪರಿಚಯವಿರುತ್ತದೆ. ಕಾಕನಕೋಟೆ ಬರೀ ಕಥೆಯ ಊರಲ್ಲ. ಮೈಸೂರು ಅರಸರ ಕಾಲದ ಪ್ರಸಿದ್ಧ ಖೆಡ್ಡಾ, ಎಂದರೆ ಆನೆ ಹಿಡಿಯುವ ಕಾರ್ಯಾಚರಣೆ, ನಡೆಯುತ್ತಿದ್ದುದು ಅಲ್ಲೇ. ಆನೆಗಳ ಜಾಡು ಬಲ್ಲ ಕುರುಬರಿಲ್ಲದೆ ಖೆಡ್ಡಾ ಇರಲಿಲ್ಲ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಆಮೇಲೆ ಕಬಿನಿ ಜಲಾಶಯದ ನೀರು ಆ ನೆಲದ ಮೇಲೆ ನಿಂತಿತು. ಇಂದಿಗೂ ಮೈಸೂರು ದಸರೆಯ ಆನೆಗಳನ್ನು ನಡೆಸುವ ಮಾವುತರು, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರೇ. ಟಿವಿಯಲ್ಲಿ ಜಂಬೂಸವಾರಿ ನೋಡುವಾಗ ಅಂಬಾರಿಯ ಕಡೆ ನೆಟ್ಟ ಕಣ್ಣನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು, ಆನೆಯ ಕಿವಿಯ ಹಿಂದೆ ಅವರು ಕೂತಿರುತ್ತಾರೆ.

ಅದೇ ಜನರ ಹಾಡಿಗಳು ನಾಗರಹೊಳೆ ಕಾಡಿನ ಒಳಗಿದ್ದವು. 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆ 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಗಳನ್ನು ಹೊರಗೆ ಸಾಗಿಸುವ ಕೆಲಸ ದಶಕಗಳ ಕಾಲ ನಡೆಯಿತು. ಸುತ್ತಿನ ಕಾಫಿ ತೋಟಗಳಲ್ಲಿ ಕೂಲಿಗೆ ನಿಂತವರು ಬಹಳ ಮಂದಿ. 1990ರ ದಶಕದಲ್ಲಿ ಅದೇ ಕಾಡಿನ ಒಳಗೆ ಪ್ರವಾಸಿಗರಿಗಾಗಿ ದೊಡ್ಡದೊಂದು ಹೋಟೆಲ್ ಎದ್ದಾಗ ಆದಿವಾಸಿಗಳು ಬೀದಿಗಿಳಿದರು. ನಮ್ಮನ್ನು ಹೊರಹಾಕಿದ ಕಾಡಿನಲ್ಲಿ ಹೋಟೆಲಿಗೆ ಹೇಗೆ ಜಾಗ ಎಂಬ ಅವರ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. 1997ರಲ್ಲಿ ರಾಜ್ಯದ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದಿತು. ಮುಂದೆ ಹೈಕೋರ್ಟಿನ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ರಚನೆಯಾದ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನೆಲೆ ಕಳೆದುಕೊಂಡು ಪುನರ್ವಸತಿ ಸಿಗಬೇಕಾದ ಕುಟುಂಬಗಳು 3,418 ಎಂದು ಅದು ಲೆಕ್ಕ ಹಾಕಿತು. 2025ರ ಮೇ ತಿಂಗಳಲ್ಲಿ 50ರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ಅಂದರೆ ತಮ್ಮ ಹಿರಿಯರ ಜಾಗಕ್ಕೆ, ಮರಳಿ ಕಾಲಿಟ್ಟವು. ಊರಿಗೆ ಮರಳುವ ಕನಸು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ನಮಗೆ ಅದಕ್ಕೆ ವಿಮಾನದ ಟಿಕೆಟ್ ಸಾಕು. ಹತ್ತಾರು ಕಿಲೋಮೀಟರ್ ದೂರದ ಊರಿಗೆ ಮರಳಲು ಅವರಿಗೆ ಹೋರಾಟವೇ ಬೇಕಾಯಿತು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ. ಅವರ ಊರು ‘ಪೋಡು’. ಬೆಟ್ಟದ ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಹಾಗಾಗಿ ಸೋಲಿಗರಿಗೆ ಆತ ದೇವರಷ್ಟೇ ಅಲ್ಲ, ರಂಗ ಭಾವ! ದೇವರೊಂದಿಗೆ ಇಷ್ಟು ಸಲಿಗೆಯ ನಂಟು ಎಷ್ಟು ಜನಕ್ಕುಂಟು? ಮಲೆ ಮಾದೇಶ್ವರನ ಜನಪದ ಮಹಾಕಾವ್ಯದ ಸಂಕಮ್ಮನ ಸಾಲಿನಲ್ಲೂ ಬೇಟೆಗೆ ಹೋಗುವ ಸೋಲಿಗರ ಕಥೆಯೇ ಬರುತ್ತದೆ. ಕನ್ನಡದ ಅತಿ ದೊಡ್ಡ ಮೌಖಿಕ ಕಾವ್ಯಗಳಲ್ಲೊಂದು ಅದು. ಸಾಹಿತ್ಯ ಬಳಗದವರಾದ ನಾವು ಸೋಲಿಗರನ್ನು ನೆನೆಯಲು ಅದೊಂದೇ ಕಾರಣ ಸಾಕು.

ಸೋಲಿಗರಿಗೆ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಿಗೆ ಬಲಿಯುವ ಮುಂಚೆ ನೆಲದ ಒಣ ತರಗೆಲೆಗೆ ಸಣ್ಣಗೆ ಬೆಂಕಿ ಇಡುವುದು. ಬೆಂಕಿ ಮೇಲೇಳದೆ ಹರಿದು ಹೋಗುತ್ತದೆ, ಹೊಸ ಹುಲ್ಲು ಚಿಗುರುತ್ತದೆ, ಕಳೆ ಹಿಡಿತದಲ್ಲಿರುತ್ತದೆ, ಕಡುಬೇಸಿಗೆಯಲ್ಲಿ ದೊಡ್ಡ ಕಾಳ್ಗಿಚ್ಚಿಗೆ ಮೇವು ಉಳಿಯುವುದಿಲ್ಲ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಇದಕ್ಕೆ ನಿಷೇಧ ಬಂತು. ನಂತರದ ವರ್ಷಗಳಲ್ಲಿ ಲಂಟಾನ ಎಂಬ ಪರದೇಶಿ ಪೊದೆ ಕಾಡಿನ ತಳವನ್ನೆಲ್ಲ ಮುಚ್ಚಿಕೊಂಡಿತು. ಆ ಪೊದೆ ಹಬ್ಬಿದ್ದಕ್ಕೂ ಬೆಂಕಿ ನಿಂತದ್ದಕ್ಕೂ ನಂಟಿದೆ ಎಂದು ಸೋಲಿಗರು ಹೇಳುತ್ತ ಬಂದರು; ಬೆಟ್ಟದಲ್ಲಿ ಕೆಲಸ ಮಾಡಿದ ವಿಜ್ಞಾನಿಗಳೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಇಂಥ ತಿಳಿವಳಿಕೆಗೂ ಪರಂಪರೆ ಎಂದೇ ಹೆಸರು. ಬೇಲೂರಿನ ಶಿಲಾಬಾಲಿಕೆಯನ್ನು ಕಾಪಾಡಿದಷ್ಟೇ ಜತನದಿಂದ ಇದನ್ನೂ ಕಾಪಾಡಬೇಕಲ್ಲವೇ?

ಸೋಲಿಗರ ಕಥೆಯಲ್ಲಿ ಒಂದು ಬೆಳಕಿನ ಅಧ್ಯಾಯವೂ ಇದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟಕ್ಕೆ ಆಸ್ಪತ್ರೆ, ಶಾಲೆಗಳನ್ನು ತಂದಿತು. ಓದಿದ ಸೋಲಿಗ ಮಕ್ಕಳು ತಮ್ಮ ಸಂಘ ಕಟ್ಟಿಕೊಂಡರು. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿತ್ತು. ಆ ಕಾಯ್ದೆಯಡಿ 2011ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಬೆಟ್ಟ ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾಗಿತ್ತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಮೂಲನಿವಾಸಿಗಳಿಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹುಲಿಯೂ ಇರಲಿ, ನಾವೂ ಇರುತ್ತೇವೆ ಎಂದು ಅವರು ಕಾನೂನಿನ ದಾರಿಯಲ್ಲೇ ಸಾಧಿಸಿ ತೋರಿಸಿದರು.

ಇನ್ನು ಕೊರಗರು. ನಮ್ಮ ಓದುಗರಲ್ಲಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು ಬಹಳ. ಅವರಿಗೆ ಸ್ವಾಮಿ ಕೊರಗಜ್ಜನ ಪರಿಚಯ ಮಾಡಿಕೊಡಬೇಕಾಗಿಲ್ಲ. ಏನಾದರೂ ಕಳೆದುಹೋದರೆ ಇಲ್ಲಿ ದೇರಾದಲ್ಲಿ ಕೂತು ಅಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುವವರೂ ಇದ್ದಾರೆ. ಅಜ್ಜನ ಪಾಡ್ದನ ಏನು ಹೇಳುತ್ತದೆ? ಕೊರಗರ ಹುಡುಗ ತನಿಯ. ದೇವಸ್ಥಾನಕ್ಕೆ ಸಲ್ಲಬೇಕಾದ, ಏಳು ಜನ ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ತಂದ. ಹೊರೆ ಒಳಗೆ ಹೋಯಿತು, ಹೊತ್ತವನನ್ನು ಹೊರಗೆ ನಿಲ್ಲಿಸಿದರು. ಅಲ್ಲೇ ಆತ ಮಾಯವಾಗಿ ದೈವವಾದ. ಕೊರಗಜ್ಜನ ಕಥೆಯ ನಡುಬಿಂದುವೇ ಆ ಬಾಗಿಲು.

ಆ ಬಾಗಿಲು ಪಾಡ್ದನದ ಕಾಲಕ್ಕೇ ಮುಗಿದುಹೋಗಲಿಲ್ಲ. ಕರಾವಳಿಯಲ್ಲಿ ‘ಅಜಲು’ ಎಂಬ ಪದ್ಧತಿ ಬೆಳೆದುಕೊಂಡಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮನೆಯವರ ಕೇಡು ಕಳೆಯುತ್ತದೆ ಎಂಬ ನಂಬಿಕೆ, ಕಂಬಳದ ಮುನ್ನ ಕೋಣಗಳಂತೆ ಅವರನ್ನು ಓಡಿಸುವ ರೂಢಿ, ಸಂಬಳವಿಲ್ಲದೆ ಡೋಲು ಬಾರಿಸುವ ಕಟ್ಟುಪಾಡು. ಇದನ್ನು ಹೆಸರಿಟ್ಟು ನಿಷೇಧಿಸಲು ರಾಜ್ಯ ಶಾಸನಸಭೆ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಎಂದರೆ ನಮ್ಮಲ್ಲಿ ಹಲವರು ಕಂಪ್ಯೂಟರ್ ಕಲಿತು ಕೆಲಸಕ್ಕೆ ಸೇರಿದ ಕಾಲಕ್ಕೂ ಅದು ಬದುಕಿತ್ತು. ಅಜ್ಜನ ಮುಂದೆ ಕೈಮುಗಿದ ಊರಿನಲ್ಲೇ ಅಜ್ಜನ ಕುಲದವರಿಗೆ ಇದು ನಡೆಯುತ್ತಿತ್ತು. ಕರ್ನಾಟಕದಲ್ಲಿ ಕೊರಗರ ಸಂಖ್ಯೆ 2001ರ ಜನಗಣತಿಯಲ್ಲಿ 16 ಸಾವಿರದಷ್ಟಿತ್ತು, 2011ರಲ್ಲಿ 15 ಸಾವಿರಕ್ಕೂ ಕಡಿಮೆಯಾಯಿತು. ರಾಜ್ಯದ ಜನಸಂಖ್ಯೆ ಏರುತ್ತಿರುವಾಗ ಒಂದು ಸಮುದಾಯ ಕುಗ್ಗುತ್ತಿದೆ.

ಕೊರಗರ ಬಗ್ಗೆ ಇನ್ನೊಂದು ಐತಿಹ್ಯವಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಸಂಪುಟಗಳಲ್ಲೂ ಅದು ದಾಖಲಾಗಿದೆ. ಹುಬಾಶಿಕನೆಂಬ ಅರಸ ತನ್ನ ಪಡೆಯೊಂದಿಗೆ ಬಂದು ಮಯೂರವರ್ಮನನ್ನು ಓಡಿಸಿ ಕೆಲಕಾಲ ರಾಜ್ಯವಾಳಿದ. ಅವನು ಮಡಿದ ಮೇಲೆ ಅವನ ಜನರನ್ನು ಕಾಡಿಗೆ ಅಟ್ಟಿದರು, ಅವರ ಸಂತತಿಯೇ ಕೊರಗರು ಎನ್ನುತ್ತದೆ ಕಥೆ. ಇದು ಶಾಸನದ ಆಧಾರವಿರುವ ಇತಿಹಾಸವಲ್ಲ, ಪಾಠಾಂತರಗಳೂ ಹಲವು. ಆದರೂ ಯೋಚಿಸಿ. ಮಯೂರ ಎಂದೊಡನೆ ನಮಗೆ ಕಣ್ಣ ಮುಂದೆ ಬರುವುದು ಕನ್ನಡದ ಮೊದಲ ಅರಸುಮನೆಯ ಮೂಲಪುರುಷ, ಮತ್ತು 1975ರ ಸಿನಿಮಾದ ಡಾ. ರಾಜ್. ಕರಾವಳಿಯ ಕೊಪ್ಪಗಳಲ್ಲಿ, ಅಂದರೆ ಕೊರಗರ ಗುಡಿಸಲುಗಳಲ್ಲಿ, ಅದೇ ಹೆಸರು ಸೋಲಿನ ಕಥೆಯೊಂದರ ಜೊತೆ ಬಂದಿದೆ. ನಾವು ಹಾಡುವ ನಾಡಿನ ಕಥೆಯನ್ನು ಮತ್ತೊಬ್ಬರು ಮತ್ತೊಂದು ತುದಿಯಿಂದ ಹೇಳಬಲ್ಲರು!

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಸಿದ್ದಿಗಳದು ಸಮುದ್ರ ದಾಟಿದ ಚರಿತ್ರೆ. ಇವರ ಹಿರಿಯರು ಆಫ್ರಿಕದವರು. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರಾಗಿ ತಂದವರು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಡಮಾಮಿ ವಾದ್ಯ ಮೂವರಿಗೂ ಸೇರಿದ್ದು. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದ ಮೊದಲ ಶಾಸಕರು. ಈ ದೇಶದ ಹಬ್ಬಗಳಲ್ಲಿ ದೊಡ್ಡ ನಗಾರಿಗಳ ಜೊತೆ ನಡೆಯುವ ‘ಲೇವಾ’ ಕುಣಿತವನ್ನು ನೀವು ನೋಡಿರಬಹುದು. ಅದರ ಬೇರೂ ಪೂರ್ವ ಆಫ್ರಿಕದಲ್ಲಿದೆ. ಮುತ್ತಿನ ಕಾಲದಲ್ಲಿ ಹೀಗೆಯೇ ತರಲ್ಪಟ್ಟವರ ಕುಣಿತ ಅದು. ಅರಬ್ಬಿ ಸಮುದ್ರದ ಎರಡು ದಡಗಳಲ್ಲಿ ಎರಡು ನಗಾರಿ, ಒಂದೇ ನೋವು.

ಅಂಕೋಲೆಯ ಹಾಲಕ್ಕಿ ಒಕ್ಕಲಿಗರನ್ನು ಇಲ್ಲಿ ನೆನೆಯದಿರಲಾರೆವು. ಹಾಡಿನ ಕಣಜವೆನಿಸಿದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಅದೇ ಪ್ರಶಸ್ತಿ ಪಡೆದರು. ಆ ಚಿತ್ರ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. 2024ರ ಡಿಸೆಂಬರಿನಲ್ಲಿ ತುಳಸಿಯವರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಾಲಕ್ಕಿಗಳ ದಶಕಗಳ ಬೇಡಿಕೆ ಅವರಿಬ್ಬರ ಕಾಲದಲ್ಲಿ ಈಡೇರಲಿಲ್ಲ. ಸನ್ಮಾನ ಬೇರೆ, ಹಕ್ಕು ಬೇರೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅನಿವಾಸಿಗಳೆಂದರೆ ನಾವಷ್ಟೇ ಅಲ್ಲ ಎಂಬುದೂ ಒಂದು ಮಾತು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡ ನಾಡಿನವರು ಯಾರು? ಹಕ್ಕಿಪಿಕ್ಕಿಗಳು! ಹುಣಸೂರಿನ ಪಕ್ಷಿರಾಜಪುರದಂಥ ಊರುಗಳ ಈ ಜನ ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರುತ್ತ ಆಫ್ರಿಕದವರೆಗೆ ಹೋಗಿದ್ದರು. ಮನೆಯಲ್ಲಿ ಅವರಾಡುವುದು ಗುಜರಾತಿಗೆ ಹತ್ತಿರದ ವಾಗ್ರಿ ಭಾಷೆ, ಪಾಸ್‌ಪೋರ್ಟಿನ ವಿಳಾಸ ಕರ್ನಾಟಕ. ಆಪರೇಷನ್ ಕಾವೇರಿಯಲ್ಲಿ ಜೆದ್ದಾ ಮಾರ್ಗವಾಗಿ ಅವರು ಊರು ಸೇರಿದರು. ಯಾವ ಕಂಪನಿಯ ವೀಸಾವೂ ಇಲ್ಲದೆ ಹೊಟ್ಟೆಪಾಡಿಗೆ ಸಮುದ್ರ ದಾಟಿದ ಅವರ ಧೈರ್ಯಕ್ಕೆ ನಮ್ಮ ಸಲಾಂ.

ಇಷ್ಟೆಲ್ಲ ಹೇಳಿ ನಾವು ಕೇಳುವುದೇನು? ಪುಲಿಕೇಶಿಯನ್ನು ವೇದಿಕೆಯಿಂದ ಇಳಿಸಿ ಎಂದಲ್ಲ. ಅರಸರ ಕರ್ನಾಟಕದ ಪಕ್ಕದಲ್ಲಿ ಹಾಡಿ, ಪೋಡು, ಕೊಪ್ಪಗಳ ಕರ್ನಾಟಕಕ್ಕೂ ಜಾಗ ಕೊಡೋಣ. ಸೊಪ್ಪಿನ ವೇಷದ ಬದಲು ಒಂದು ಕಥೆ ಸಾಕು. ಈ ಸಲದ ರಾಜ್ಯೋತ್ಸವದಲ್ಲಿ ಒಬ್ಬ ಮಗು ಕುಸುಮಾಲೆಯ ಕಥೆ ಹೇಳಲಿ, ಇನ್ನೊಬ್ಬ ತನಿಯ ಹೊತ್ತ ಹೊರೆಯ ಕಥೆ ಹೇಳಲಿ, ದೊಡ್ಡವರೊಬ್ಬರು 2011ರ ಹಕ್ಕುಪತ್ರದ ಕಥೆಯನ್ನು ಹತ್ತು ನಿಮಿಷ ವಿವರಿಸಲಿ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟುಗಳ ಅಧ್ಯಯನಕ್ಕೆಂದೇ ವಿಭಾಗ ನಡೆಸುತ್ತದೆ, ಜನಪದ ಮಹಾಕಾವ್ಯಗಳನ್ನು ಅಚ್ಚು ಹಾಕಿಸಿದೆ. ರಜೆಗೆ ಊರಿಗೆ ಹೋದವರು ಬರುವಾಗ ಉಪ್ಪಿನಕಾಯಿಯ ಜೊತೆ ಅಂಥದೊಂದು ಪುಸ್ತಕ ತಂದರೆ ನಮ್ಮ ಬಳಗದ ಮುಂದಿನ ಓದಿಗೆ ಅದೇ ಆಗಬಹುದು.

ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಖರ್ಜೂರದ ಗರಿಯ ಬುಟ್ಟಿಯನ್ನು ಗಾಜಿನೊಳಗಿಟ್ಟು ಅದಕ್ಕೆ ದೀಪ ಹಾಕಿರುತ್ತಾರೆ, ನಾವು ಮಕ್ಕಳನ್ನು ಕರೆದೊಯ್ದು ತೋರಿಸುತ್ತೇವೆ. ಕಾಡಿನ ಬಳ್ಳಿಯಿಂದ ಕೊರಗರು ಹೆಣೆದ ಬುಟ್ಟಿ ನಮ್ಮ ಅಜ್ಜಿಯರ ಮನೆಯ ಹಟ್ಟಿಯಲ್ಲಿತ್ತು, ಗೊಬ್ಬರ ಹೊರಲು. ಕೈಯ ಹದ ಎರಡರಲ್ಲೂ ಒಂದೇ. ಮುಂದಿನ ಸಲ ಮಕ್ಕಳಿಗೆ ಇಲ್ಲಿನ ಬುಟ್ಟಿಯನ್ನು ತೋರಿಸುವಾಗ ಆ ಇನ್ನೊಂದು ಬುಟ್ಟಿಯ ಹೆಸರನ್ನೂ, ಅದನ್ನು ಹೆಣೆದವರ ಹೆಸರನ್ನೂ ಹೇಳಿಕೊಡೋಣ.